ಇಂಗ್ಲಿಷ್ ನಾಮಪದಗಳ ವರ್ಗೀಕರಣ ಮತ್ತು ಕನ್ನಡ ವಿದ್ಯಾರ್ಥಿ: ಒಂದು ವಿಮರ್ಶೆ

1

ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕಲಿಸುವಾಗ ನಾಮಪದಗಳನ್ನು ಐದು ಬಗೆಯಾಗಿ ವಿಂಗಡಿಸಿ ಹೇಳುವ ರೂಢಿಯು ಬಹುಕಾಲದಿಂದ ನಡೆದುಬಂದಿದೆ. ಅಂಕಿತನಾಮ, ರೂಢನಾಮ, ಸಮೂಹವಾಚಕ, ದ್ರವ್ಯವಾಚಕ, ಭಾವವಾಚಕ ಎಂದು ಈ ಐದಕ್ಕೂ ಕನ್ನಡದ ಹೆಸರುಗಳನ್ನು ಕೊಡುತ್ತಾರೆ. ಒಂದು ವಾಕ್ಯವನ್ನು ಕೊಟ್ಟು, ಅದರಲ್ಲಿಯ ನಾಮಪದಗಳನ್ನು ಗುರುತಿಸಿ ಅವುಗಳ ಬಗೆಯನ್ನು ಹೇಳಿರೆಂಬ ಪ್ರಶ್ನೆಯನ್ನು ಕೇಳುತ್ತಾರೆ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯೂ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಬಲ್ಲನು. ‘ಅಡ್ವೈಸ್’ ಎಂಬುದು ಭಾವವಾಚಕವೆಂದೂ ‘ಫರ್ನಿಚರ್’ ಎಂಬುದು ಸಮೂಹವಾಚಕವೆಂದೂ ಅವನು ಬರೆಯುತ್ತಾನೆ. ಆದರೆ ಮುಂದಿನ ಪುಟದಲ್ಲಿ ಪ್ರಬಂಧವನ್ನು ಬರೆಯುವಾಗ ಅದೇ ವಿದ್ಯಾರ್ಥಿಯು ‘ಆನ್ ಅಡ್ವೈಸ್’ ಎಂದೂ ‘ಫರ್ನಿಚರ್ಸ್’ ಎಂದೂ ಬರೆಯುತ್ತಾನೆ. ಬಗೆಯನ್ನು ಬಲ್ಲವನಿಗೆ ಬಳಕೆಯು ಬಾರದೆ ಹೋದುದಕ್ಕೆ ಕಾರಣವೇನು?

ಈ ದೋಷವನ್ನು ವಿದ್ಯಾರ್ಥಿಯ ಅನವಧಾನಕ್ಕಾಗಲಿ ಹಳ್ಳಿಯ ಶಾಲೆಯ ಕೊರತೆಗಾಗಲಿ ಆರೋಪಿಸುವುದು ಸುಲಭ. ಪ್ರಸ್ತುತ ಲೇಖನದ ಅಭಿಪ್ರಾಯವು ಬೇರೆಯಾಗಿದೆ. ದೋಷದ ಬಹುಭಾಗವು ಆ ಪಂಚವಿಧ ವರ್ಗೀಕರಣದಲ್ಲಿಯೇ ಇದೆ. ಉಳಿದ ಭಾಗವು ಅದರ ವರ್ಗಗಳಿಗೆ ಕನ್ನಡ ವ್ಯಾಕರಣದ ಹಳೆಯ ಹೆಸರುಗಳನ್ನು ವಿಚಾರಿಸದೆ ಅಂಟಿಸಿದುದರಿಂದ ಬಂದಿದೆ. ಇವೆರಡನ್ನೂ ಕ್ರಮವಾಗಿ ಪರಿಶೀಲಿಸಿ, ಕನ್ನಡ ವಿದ್ಯಾರ್ಥಿಗೆ ಉಪಯುಕ್ತವಾಗಬಹುದಾದ ಬೇರೊಂದು ದಾರಿಯನ್ನು ಸೂಚಿಸುವುದು ಇಲ್ಲಿಯ ಉದ್ದೇಶ.

2

ಮೊದಲು ಈ ವರ್ಗೀಕರಣವು ನಮ್ಮಲ್ಲಿಗೆ ಬಂದ ಬಗೆಯನ್ನು ನೋಡೋಣ. ಪಾಶ್ಚಾತ್ಯ ವ್ಯಾಕರಣದ ಮೂಲವು ಗ್ರೀಕರಲ್ಲಿದೆ. ಕ್ರಿ. ಪೂ. 2ನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿರುವ ವ್ಯಾಕರಣವು ಪದಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿತು. ಅಲ್ಲಿ ಗುಣವಾಚಕಗಳು ನಾಮದ ಒಳಗೇ ಇದ್ದುವು. ಈ ಸಂಪ್ರದಾಯವೇ ಲ್ಯಾಟಿನ್ ವ್ಯಾಕರಣಗಳ ಮೂಲಕ ಇಂಗ್ಲಿಷಿಗೆ ಇಳಿಯಿತು. ಗುಣವಾಚಕವು ನಾಮದಿಂದ ಸಂಪೂರ್ಣವಾಗಿ ಬೇರೆಯಾಗಿ ನಿಂತುದು ಇಂಗ್ಲಿಷ್ ವ್ಯಾಕರಣಗಳಲ್ಲಿ 18ನೆಯ ಶತಮಾನದ ಹೊತ್ತಿಗೆ. 1762ರ ಲೌತ್‌ನ ವ್ಯಾಕರಣದಲ್ಲಿಯೂ 1795ರ ಲಿಂಡ್ಲೆ ಮರೆಯ ವ್ಯಾಕರಣದಲ್ಲಿಯೂ ಅವು ಎರಡು ಪ್ರತ್ಯೇಕ ವರ್ಗಗಳಾಗಿವೆ.

ಭಾರತದ ಶಾಲೆಗಳಿಗೆ ಐದು ಬಗೆಯ ವಿಭಾಗವನ್ನು ಪರಿಚಯಿಸಿ ಬೇರೂರಿಸಿದವರಲ್ಲಿ ಜೆ. ಸಿ. ನೆಸ್‌ಫೀಲ್ಡನು ಮುಖ್ಯನು. ಉತ್ತರ ಹಿಂದುಸ್ತಾನದ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಇವನ ವ್ಯಾಕರಣಗಳು 19ನೆಯ ಶತಮಾನದ ಕೊನೆಯ ದಶಕದಿಂದ ದೇಶದಲ್ಲೆಲ್ಲ ಹರಡಿದುವು. ಬಳಿಕ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನರ ಹೈಸ್ಕೂಲ್ ವ್ಯಾಕರಣವು ಬಂದಿತು. ಧಾರವಾಡವನ್ನೂ ಒಳಗೊಂಡಿದ್ದ ಅಂದಿನ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ ಪಿ. ಸಿ. ರೆನ್ನನು ಇದರ ಕರ್ತೃಗಳಲ್ಲಿ ಒಬ್ಬನು. ಈ ಗ್ರಂಥವು ಪರಿಷ್ಕೃತವಾಗಿ ಇಂದಿಗೂ ನಮ್ಮ ಅಧ್ಯಾಪಕರ ಕೈಯಲ್ಲಿದೆ. ಇವುಗಳಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಉಪಕಾರವನ್ನು ನೆನೆಯುವುದು ಬೇರೆ, ಶಾಸ್ತ್ರವನ್ನು ಪರೀಕ್ಷಿಸುವುದು ಬೇರೆ.

3

ವ್ಯಕ್ತಿ, ಸ್ಥಳ ಅಥವಾ ವಸ್ತುವಿನ ಹೆಸರೇ ನಾಮಪದವೆಂಬುದು ಈ ಗ್ರಂಥಗಳ ಸಾಮಾನ್ಯ ಲಕ್ಷಣವಾಕ್ಯ. ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿಗಳಿಲ್ಲದೆ ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುವರು. ಇಲ್ಲಿ ಎರಡೂ ದೋಷಗಳಿವೆ. ‘ಅರೈವಲ್’ ಎಂಬುದು ವ್ಯಕ್ತಿಯೂ ಅಲ್ಲ, ಸ್ಥಳವೂ ಅಲ್ಲ, ವಸ್ತುವೂ ಅಲ್ಲ, ಅದೊಂದು ಕ್ರಿಯೆ. ಆದರೂ ಅದು ನಾಮಪದ. ಇದು ಅವ್ಯಾಪ್ತಿ. ‘ರೆಡ್’ ಎಂಬುದು ಒಂದು ಬಣ್ಣದ ಹೆಸರೇ ಸರಿ. ಆದರೂ ‘ರೆಡ್ ಫ್ಲ್ಯಾಗ್’ ಎಂಬಲ್ಲಿ ಅದು ನಾಮಪದವಲ್ಲ. ಇದು ಅತಿವ್ಯಾಪ್ತಿ. ‘ವಾಟರ್’ ಎಂಬುದು ನೀರಿನ ಹೆಸರಾದರೂ ಗಿಡಗಳಿಗೆ ನೀರುಣಿಸುವ ಅರ್ಥದಲ್ಲಿ ‘ವಾಟರ್ ದಿ ಪ್ಲಾಂಟ್ಸ್’ ಎಂದಾಗ ಅದು ಕ್ರಿಯಾಪದವಾಗುತ್ತದೆ. ಪದವೊಂದನ್ನು ಮಾತ್ರ ಕಿತ್ತುಕೊಂಡು ಇದು ನಾಮವೋ ಕ್ರಿಯೆಯೋ ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರವಿಲ್ಲ. ಅಕ್ಕಪಕ್ಕದ ಪದಗಳನ್ನು ನೋಡಿಯೇ ಹೇಳಬೇಕು.

ಈ ಸಂಗತಿಯು ಕನ್ನಡ ವಿದ್ಯಾರ್ಥಿಗೆ ಹೊಸದಾಗಬೇಕಾಗಿಲ್ಲ. ‘ನುಡಿ’, ‘ನಡೆ’, ‘ಕಟ್ಟು’ ಎಂಬ ಶಬ್ದಗಳು ನಮ್ಮಲ್ಲಿ ನಾಮಗಳೂ ಹೌದು, ಧಾತುಗಳೂ ಹೌದು. ‘ನುಡಿಯನ್ನು’ ಎಂದಾಗ ನಾಮ. ‘ನುಡಿದನು’ ಎಂದಾಗ ಕ್ರಿಯೆ. ವಿಭಕ್ತಿಪ್ರತ್ಯಯವು ಹತ್ತುವ ಪ್ರಕೃತಿಯೇ ನಾಮವೆಂಬ ಭಾರತೀಯ ಸಂಪ್ರದಾಯದ ನಿರ್ಣಯವು ರೂಪವನ್ನು ಅವಲಂಬಿಸಿದೆ. ಅರ್ಥವುಳ್ಳದ್ದಾಗಿ, ಧಾತುವಲ್ಲದೆ, ಪ್ರತ್ಯಯವಲ್ಲದೆ ಇರುವುದನ್ನು ಪಾಣಿನಿಯು ಪ್ರಾತಿಪದಿಕವೆಂದು ಕರೆದನು. ಇಂಗ್ಲಿಷಿನಲ್ಲಿ ಹಳೆಯ ವಿಭಕ್ತಿಪ್ರತ್ಯಯಗಳು ಬಹುಮಟ್ಟಿಗೆ ಅಳಿದುಹೋಗಿವೆ. ಆ ಕೆಲಸವನ್ನು ಈಗ ಪದದ ಹಿಂದೆ ನಿಲ್ಲುವ ‘ಎ’, ‘ಆನ್’, ‘ದಿ’ ಎಂಬ ಉಪಪದಗಳೂ, ಬಹುವಚನದ ಮತ್ತು ಷಷ್ಠಿಯ ಸಕಾರವೂ, ವಾಕ್ಯದಲ್ಲಿಯ ಸ್ಥಾನವೂ ಮಾಡುತ್ತವೆ. ಹೀಗೆ ಹೇಳಿದರೆ ನಮ್ಮ ವಿದ್ಯಾರ್ಥಿಯು ತಾನು ಬಲ್ಲ ಕ್ರಮವನ್ನೇ ಬೇರೊಂದು ಭಾಷೆಯಲ್ಲಿ ಕಾಣುವನು. ಅರ್ಥದ ಲಕ್ಷಣವನ್ನು ಕಂಠಪಾಠ ಮಾಡಿಸುವುದರಿಂದ ಕೈಯಲ್ಲಿದ್ದ ಸಾಧನವನ್ನು ಕಸಿದುಕೊಂಡಂತಾಗುತ್ತದೆ.

4

ಇನ್ನು ಐದು ಬಗೆಗಳ ವಿಚಾರ. ಒಂದು ವಿಭಾಗವು ಸರಿಯಾಗಿರಬೇಕಾದರೆ ಅದು ಒಂದೇ ತತ್ತ್ವವನ್ನು ಅನುಸರಿಸಬೇಕು. ಒಂದು ವರ್ಗಕ್ಕೆ ಸೇರಿದುದು ಇನ್ನೊಂದರಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇರಬಾರದು. ಹಾಗಿದ್ದರೆ ಅದನ್ನು ನೈಯಾಯಿಕರು ಸಾಂಕರ್ಯವೆನ್ನುವರು. ಪಂಚವಿಧ ವಿಭಾಗದಲ್ಲಿ ಈ ಸಾಂಕರ್ಯವು ಎದ್ದು ಕಾಣುತ್ತದೆ. ಅಂಕಿತ, ರೂಢ ಎಂಬ ಭೇದಕ್ಕೆ ಆಧಾರವು ಒಂದು ವ್ಯಕ್ತಿಯೋ ಒಂದು ಜಾತಿಯೋ ಎಂಬುದು. ಸಮೂಹವಾಚಕಕ್ಕೆ ಆಧಾರವು ಸಂಖ್ಯೆ. ದ್ರವ್ಯ ಮತ್ತು ಭಾವಗಳಿಗೆ ಆಧಾರವು ಇಂದ್ರಿಯಗೋಚರತೆ. ಮೂರು ತತ್ತ್ವಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದುದರಿಂದ ‘ಆರ್ಮಿ’ ಎಂಬುದು ರೂಢವೂ ಹೌದು, ಸಮೂಹವೂ ಹೌದು ಎಂಬಂತಾಯಿತು.

ಇದಕ್ಕಿಂತ ಹೆಚ್ಚಿನ ಕೊರತೆಯೆಂದರೆ, ಈ ಬಗೆಗಳಿಂದ ವಾಕ್ಯರಚನೆಗೆ ಒದಗುವ ಸಹಾಯವು ಅತ್ಯಲ್ಪ. ‘ಐಡಿಯಾ’, ‘ಲಾ’, ‘ಅಡ್ವೈಸ್’, ‘ಪ್ರೋಗ್ರೆಸ್’ ಎಂಬ ನಾಲ್ಕೂ ಭಾವವಾಚಕಗಳೇ. ಆದರೆ ‘ಆನ್ ಐಡಿಯಾ’, ‘ಟೂ ಲಾಸ್’ ಎನ್ನಬಹುದು. ‘ಆನ್ ಅಡ್ವೈಸ್’ ಎನ್ನಲಾಗದು, ‘ಟೂ ಪ್ರೋಗ್ರೆಸಸ್’ ಎನ್ನಲಾಗದು. ಭಾವವಾಚಕವೆಂದು ತಿಳಿದ ಮಾತ್ರಕ್ಕೆ ‘ಎ’ ಹಚ್ಚಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ. ಇತ್ತ ‘ರೈಸ್’ ಎಂಬ ದ್ರವ್ಯವಾಚಕವೂ ‘ಅಡ್ವೈಸ್’ ಎಂಬ ಭಾವವಾಚಕವೂ ವಾಕ್ಯದಲ್ಲಿ ಒಂದೇ ರೀತಿಯಾಗಿ ನಡೆದುಕೊಳ್ಳುತ್ತವೆ: ಎರಡಕ್ಕೂ ‘ಎ’ ಇಲ್ಲ, ಬಹುವಚನವಿಲ್ಲ, ಎರಡರ ಹಿಂದೆಯೂ ‘ಮಚ್’ ಬರುತ್ತದೆ. ಕೂಡಿ ನಡೆಯುವುವನ್ನು ಅಗಲಿಸಿ, ಬೇರೆ ನಡೆಯುವುವನ್ನು ಒಂದುಗೂಡಿಸಿದ ವಿಭಾಗವು ಬರೆಯುವವನಿಗೆ ಹೇಗೆ ನೆರವಾದೀತು?

ಇಂಗ್ಲಿಷ್ ನಾಮಪದದಲ್ಲಿ ಬಳಕೆಗೆ ಬೇಕಾದ ಮುಖ್ಯ ಭೇದವು ಗಣನೀಯ ಮತ್ತು ಅಗಣನೀಯ ಎಂಬುದು. ಡೆನ್ಮಾರ್ಕಿನ ಪಂಡಿತನಾದ ಒಟ್ಟೊ ಯೆಸ್ಪರ್‌ಸನ್ನನು 1924ರ ತನ್ನ ‘ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ ಇದನ್ನು ಚರ್ಚಿಸಿ, ಅಗಣನೀಯಗಳಲ್ಲಿ ದ್ರವ್ಯಗಳೂ ಭಾವಗಳೂ ಸೇರುವುವೆಂದು ತೋರಿಸಿದನು. 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ಹಾರ್ನ್‌ಬಿ ಮೊದಲಾದವರ ನಿಘಂಟು ಪ್ರತಿಯೊಂದು ನಾಮಪದಕ್ಕೂ ಈ ಭೇದದ ಗುರುತನ್ನು ಹಾಕಿತು. ಆ ನಿಘಂಟು ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗಾಗಿ ಹುಟ್ಟಿತೆಂಬುದು ಗಮನಾರ್ಹ. ತೊಟ್ಟಿಲಲ್ಲಿಯೇ ಆ ಭಾಷೆಯನ್ನು ಕಲಿತವನಿಗೆ ಇಂಥ ಗುರುತು ಬೇಕಾಗಿರಲಿಲ್ಲ. ಕ್ವರ್ಕ್ ಮತ್ತು ಅವರ ಸಂಗಡಿಗರ 1985ರ ಬೃಹದ್ ವ್ಯಾಕರಣವು ನಾಮಗಳನ್ನು ಮೊದಲು ಅಂಕಿತ, ಸಾಮಾನ್ಯ ಎಂದು ಒಡೆದು, ಸಾಮಾನ್ಯವನ್ನು ಗಣನೀಯ, ಅಗಣನೀಯ ಎಂದು ಒಡೆಯಿತು. ಮೂರ್ತ, ಅಮೂರ್ತ ಎಂಬ ಭೇದವನ್ನು ಇವೆರಡರ ಒಳಗೂ ಅಡ್ಡವಾಗಿ ಇರಿಸಿತು. ಸಾಂಕರ್ಯವು ಹೀಗೆ ಪರಿಹಾರವಾಯಿತು.

ಆದರೂ ಗಣನೀಯವೆಂದರೆ ಎಣಿಸಲು ಬರುವ ವಸ್ತುವೆಂದು ಹೇಳಿದರೆ ಹಳೆಯ ದೋಷವು ಮತ್ತೆ ಹೊಸ್ತಿಲನ್ನು ದಾಟಿ ಬರುತ್ತದೆ. ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎಣಿಸುವುದು ಹಣವನ್ನು. ಆದರೆ ಇಂಗ್ಲಿಷಿನಲ್ಲಿ ಹಣವೆಂಬರ್ಥದ ‘ಮನಿ’ಯು ಅಗಣನೀಯ. ಧಾನ್ಯಗಳಲ್ಲಿ ‘ವ್ಹೀಟ್’ ಏಕವಚನದಲ್ಲಿಯೂ ‘ಓಟ್ಸ್’ ಬಹುವಚನದಲ್ಲಿಯೂ ನಿಲ್ಲುತ್ತವೆ. ಕಾಳುಗಳೆರಡೂ ಎಣಿಕೆಗೆ ಸಮಾನವಾಗಿಯೇ ಕಷ್ಟವಾದುವು, ಭೇದವಿರುವುದು ಶಬ್ದದಲ್ಲಿ. ಕನ್ನಡದ ‘ಹಣ’ವೂ ಒಂದು ಕಾಲಕ್ಕೆ ಒಂದು ನಾಣ್ಯದ ಹೆಸರಾಗಿತ್ತು, ಆಗ ಹತ್ತು ಹಣ, ಇಪ್ಪತ್ತು ಹಣವೆಂದು ಎಣಿಸುತ್ತಿದ್ದರು. ಇಂದು ಎಣಿಸುವುದು ರೂಪಾಯಿಗಳನ್ನು. ವಸ್ತುವು ಇದ್ದಂತೆಯೇ ಇದ್ದು ಶಬ್ದದ ನಡತೆಯು ಮಾರ್ಪಟ್ಟಿದೆ.

5

ಈಗ ಕನ್ನಡದ ಹೆಸರುಗಳ ಕಡೆಗೆ ತಿರುಗೋಣ. ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ನಾಮದ ವಿಚಾರವು ವಿಸ್ತಾರವಾಗಿದೆ. ಕೃತ್ತು, ತದ್ಧಿತ, ಸಮಾಸಗಳಿಂದ ಆದ ಪ್ರಕೃತಿಗಳನ್ನೂ ಸಹಜನಾಮಗಳನ್ನೂ ಅವನು ಬೇರ್ಪಡಿಸುತ್ತಾನೆ. ಇದು ಶಬ್ದವು ಹೇಗೆ ಸಿದ್ಧವಾಯಿತೆಂಬುದರ ವಿಭಾಗ. ರೂಢ, ಅನ್ವರ್ಥ, ಅಂಕಿತವೆಂಬ ಭೇದವು ಹೆಸರು ವಸ್ತುವಿಗೆ ಹೇಗೆ ಬಂದಿತೆಂಬುದರ ವಿಭಾಗ. ಬಳಕೆಯಿಂದ ಬಂದುದು ರೂಢ, ಅರ್ಥಾನುಸಾರವಾಗಿ ಬಂದುದು ಅನ್ವರ್ಥ, ಗುರುತಿಗಾಗಿ ಇಟ್ಟುದು ಅಂಕಿತ. ಮರ, ನದಿ ರೂಢಗಳು. ವ್ಯಾಪಾರಿ, ಶಿಕ್ಷಕ, ಕುರುಡ ಎಂಬುವು ಅನ್ವರ್ಥಗಳು. ಇಂಗ್ಲಿಷಿನಲ್ಲಿ ‘ಟ್ರೀ’ ಮತ್ತು ‘ಟೀಚರ್’ ಎರಡೂ ಒಂದೇ ವರ್ಗಕ್ಕೆ ಸೇರಿವೆ. ಆದ್ದರಿಂದ ಆ ವರ್ಗಕ್ಕೆ ‘ರೂಢನಾಮ’ವೆಂದು ಹೆಸರಿಟ್ಟೊಡನೆ ಕನ್ನಡ ವ್ಯಾಕರಣವನ್ನು ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಗೇ ಹೆಚ್ಚಿನ ಗೊಂದಲವಾಗುತ್ತದೆ: ಶಿಕ್ಷಕನೆಂಬುದು ಒಂದು ತಾಸಿನಲ್ಲಿ ಅನ್ವರ್ಥ, ಮುಂದಿನ ತಾಸಿನಲ್ಲಿ ರೂಢ.

‘ಭಾವನಾಮ’ದ ಸ್ಥಿತಿಯೂ ಇದೇ. ಓಟ, ಕಡಿತ, ನಡವಳಿಕೆ ಎಂಬುವು ಧಾತುಗಳಿಂದ ಆದುವು. ಜಾಣ್ಮೆ, ಸಿರಿತನ ಎಂಬುವು ನಾಮಗಳಿಂದ ಆದುವು. ನಮ್ಮಲ್ಲಿ ಭಾವನಾಮವೆಂಬುದು ಪ್ರತ್ಯಯದಿಂದ ಸಿದ್ಧವಾದ ರೂಪದ ಹೆಸರು. ಇಂಗ್ಲಿಷಿನ ಐದನೆಯ ವರ್ಗವಾದರೋ ‘ಟೈಮ್’, ‘ಐಡಿಯಾ’ ಮೊದಲಾದ, ಯಾವ ಇಂಗ್ಲಿಷ್ ಪ್ರತ್ಯಯದಿಂದಲೂ ಸಿದ್ಧವಾಗದ ಶಬ್ದಗಳನ್ನೂ ಒಳಗೊಳ್ಳುತ್ತದೆ. ಗುಣವಾಚಕವನ್ನು ನಮ್ಮವರು ನಾಮದಲ್ಲಿ ಎಣಿಸಿದರೆ ಇಂದಿನ ಇಂಗ್ಲಿಷ್ ವ್ಯಾಕರಣವು ಅದನ್ನು ಹೊರಗಿಟ್ಟಿದೆ. ಹೀಗಿರುವಲ್ಲಿ ‘ಓಲ್ಡ್’ ಎಂಬುದನ್ನು ನಾಮವೆಂದು ಗುರುತಿಸಿದ ವಿದ್ಯಾರ್ಥಿಯು ಕೇಶಿರಾಜನ ದೃಷ್ಟಿಯಿಂದ ತಪ್ಪಿದವನಲ್ಲ.

ಅಂಕಿತನಾಮದಲ್ಲಿ ಮಾತ್ರ ಎರಡು ವ್ಯಾಕರಣಗಳೂ ಹೊಂದುವಂತೆ ತೋರುತ್ತದೆ. ಬಮ್ಮಿಗಟ್ಟಿ ಎಂಬ ಊರ ಹೆಸರನ್ನೇ ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಇದರ ಉತ್ತರಪದವು ‘ಕಟ್ಟೆ’ಯ ರೂಪವೆಂದು ಎಣಿಸಲು ಅವಕಾಶವಿದೆ: ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗುವುದು ಕನ್ನಡದ ನಿಯಮ, ಕಡೆಯ ಎಕಾರವು ಇಕಾರವಾಗುವುದು, ಗಡಿಗೆಯು ಗಡಿಗಿಯಾದಂತೆ, ಧಾರವಾಡದ ಆಡುನುಡಿಯ ಲಕ್ಷಣ. ಅಂದರೆ ಒಂದು ರೂಢನಾಮವು ಸಮಾಸದ ಅಂಗವಾಗಿ ಅಂಕಿತನಾಮದಲ್ಲಿ ಅಡಗಿದೆ. ಆದರೆ ವಾಕ್ಯದಲ್ಲಿ ಈ ಅಂಕಿತಕ್ಕೆ ಯಾವ ವಿಶೇಷವೂ ಇಲ್ಲ. ಮರಕ್ಕೆ ಎಂಬಂತೆ ಧಾರವಾಡಕ್ಕೆ, ಗಡಿಗಿಗೆ ಎಂಬಂತೆ ಬಮ್ಮಿಗಟ್ಟಿಗೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೂ ಇಲ್ಲ. ಇಂಗ್ಲಿಷಿನಲ್ಲಿಯಾದರೋ ಅಂಕಿತವೆನಿಸಿದೊಡನೆ ಬರೆವಣಿಗೆಯಲ್ಲಿ ದೊಡ್ಡಕ್ಷರವು ಬೇಕಾಗುತ್ತದೆ, ಊರ ಹೆಸರುಗಳ ಹಿಂದಿನ ಉಪಪದವು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ನದಿಗಳ ಹೆಸರಾದರೆ ‘ದಿ ಬೇಡ್ತಿ’, ‘ದಿ ಮಲಪ್ರಭಾ’ ಎಂದು ಮತ್ತೆ ಬರುತ್ತದೆ. ನಮ್ಮಲ್ಲಿ ಅರ್ಥಭೇದ ಮಾತ್ರವಾಗಿರುವುದು ಅಲ್ಲಿ ರಚನಾಭೇದವಾಗಿದೆ. ಹೆಸರು ಒಂದೇ ಆದುದರಿಂದ ಈ ಅಂತರವು ಮರೆಯಾಗುತ್ತದೆ.

6

ಹಾಗಾದರೆ ಕನ್ನಡದಲ್ಲಿ ರಚನೆಯನ್ನು ಆಳುವ ಭೇದಗಳು ಯಾವುವು? ಎಲ್ಲಕ್ಕಿಂತ ದೊಡ್ಡದು ಮನುಷ್ಯ, ಮನುಷ್ಯೇತರ ಎಂಬುದು. ‘ಇಬ್ಬರು ರೈತರು’, ಆದರೆ ‘ಎರಡು ಎತ್ತು’. ಸಂಖ್ಯಾವಾಚಕವೂ ಬದಲಾಯಿತು, ಬಹುವಚನದ ಕಡ್ಡಾಯವೂ ಬದಲಾಯಿತು. ‘ಮಗನನ್ನು ಕರೆದನು’ ಎಂಬಲ್ಲಿ ದ್ವಿತೀಯೆ ಬೇಕೇ ಬೇಕು. ‘ಮರ ಕಡಿದನು’ ಎಂಬಲ್ಲಿ ಅದು ಬಿಟ್ಟುಹೋಗಬಹುದು. ಸಮೂಹವಾಚಕಗಳೂ ಈ ಭೇದಕ್ಕೆ ಮಣಿಯುತ್ತವೆ: ‘ಹಿಂಡು ಬಂದಿತು’, ಆದರೆ ‘ಮಂದಿ ಬಂದರು’. ಇಂಗ್ಲಿಷಿನ ‘ಪೀಪಲ್’ ಎಂಬುದು ಸಕಾರವಿಲ್ಲದೆ ಬಹುವಚನದ ಕ್ರಿಯೆಯನ್ನು ಪಡೆಯುವುದನ್ನು ‘ಮಂದಿ’ಯ ಮೂಲಕ ಒಂದು ನಿಮಿಷದಲ್ಲಿ ತಿಳಿಯಪಡಿಸಬಹುದು.

ಪ್ರಕೃತಕ್ಕೆ ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಗಣನೀಯ, ಅಗಣನೀಯ ಎಂಬ ಭೇದವು ಕನ್ನಡದಲ್ಲಿ ಇಲ್ಲವೆಂದು ಹಲವರು ಭಾವಿಸಿರಬಹುದು. ಅದು ಸರಿಯಲ್ಲ. ‘ಹಲವು ಮರಗಳು’ ಎನ್ನುತ್ತೇವೆ, ‘ಹಲವು ನೀರು’ ಎನ್ನುವುದಿಲ್ಲ. ‘ತುಸು ನೀರು’, ‘ಕೊಂಚ ಹಾಲು’ ಎನ್ನುತ್ತೇವೆ, ‘ತುಸು ಮರ’ ಎನ್ನುವುದಿಲ್ಲ. ಎಣಿಸಬಾರದುದನ್ನು ಎಣಿಸಬೇಕಾದಾಗ ಅಳತೆಯ ಶಬ್ದವನ್ನು ನಡುವೆ ತರುತ್ತೇವೆ: ಎರಡು ಚೀಲ ಭತ್ತ, ಒಂದು ತಂಬಿಗೆ ನೀರು, ಒಂದು ಹಿಡಿ ಕಡಲೆ. ಕಲಘಟಗಿಯ ಭತ್ತದ ಗದ್ದೆಯ ಹುಡುಗನೂ ನವಲಗುಂದದ ಎರೆಹೊಲದ ಹುಡುಗನೂ ಶಾಲೆಯ ಮೆಟ್ಟಿಲನ್ನು ಹತ್ತುವ ಮೊದಲೇ ಈ ನಿಯಮವನ್ನು ಬಲ್ಲರು. ಇಂಗ್ಲಿಷಿನ ‘ಟೂ ಬ್ಯಾಗ್ಸ್ ಆಫ್ ರೈಸ್’ ಎಂಬ ರಚನೆಯಲ್ಲಿ ಅವರಿಗೆ ಹೊಸದಾದುದು ‘ಆಫ್’ ಎಂಬುದೂ ‘ಬ್ಯಾಗ್’ಗೆ ಹತ್ತಿದ ಸಕಾರವೂ ಮಾತ್ರ.

ಆದುದರಿಂದಲೇ ‘ವಾಟರ್’, ‘ಮಿಲ್ಕ್’ಗಳಲ್ಲಿ ನಮ್ಮ ವಿದ್ಯಾರ್ಥಿಗಳು ತಪ್ಪುವುದು ವಿರಳ. ತಪ್ಪುವುದು ಎರಡು ಭಾಷೆಗಳ ಎಣಿಕೆಯು ಅಗಲುವಲ್ಲಿ. ಕನ್ನಡದಲ್ಲಿ ಒಂದು ಸಲಹೆ, ಹಲವು ಸಲಹೆಗಳು, ಒಂದು ಸುದ್ದಿ, ಎರಡು ಸುದ್ದಿ, ಹಲವು ಮಾಹಿತಿಗಳು, ಪೀಠೋಪಕರಣಗಳು, ಸಾಮಾನುಗಳು, ಎರಡು ಕೆಲಸ. ಇವೆಲ್ಲ ನಮ್ಮಲ್ಲಿ ಗಣನೀಯಗಳು. ಇವುಗಳಿಗೆ ಸಮನೆಂದು ಕಲಿಸುವ ‘ಅಡ್ವೈಸ್’, ‘ನ್ಯೂಸ್’, ‘ಇನ್‌ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’, ‘ವರ್ಕ್’ ಎಂಬುವು ಈ ಅರ್ಥಗಳಲ್ಲಿ ಅಗಣನೀಯಗಳು. ವಿದ್ಯಾರ್ಥಿಯು ‘ಅಡ್ವೈಸಸ್’ ಎಂದು ಬರೆಯುವಾಗ ಅವನ ಕಿವಿಯಲ್ಲಿ ‘ಸಲಹೆಗಳು’ ಎಂಬುದು ನುಡಿಯುತ್ತಿರುತ್ತದೆ. ಅವನ ತಪ್ಪಿಗೆ ಒಂದು ನಿಯಮವಿದೆ. ನಿಯಮವಿರುವ ತಪ್ಪನ್ನು ತಿದ್ದುವುದು ಸಾಧ್ಯ. ‘ನ್ಯೂಸ್’ ಎಂಬುದರ ಕೊನೆಯ ಸಕಾರವು ಬಹುವಚನದ್ದೆಂದು ಭ್ರಮೆಗೊಳಿಸುವುದರಿಂದ ಅದನ್ನು ಮಾತ್ರ ಬೇರೆಯಾಗಿ ಎಚ್ಚರಿಸಬೇಕು.

ತಿದ್ದುವ ಉಪಾಯವೂ ಕನ್ನಡದಲ್ಲಿಯೇ ಇದೆ. ‘ಬುದ್ಧಿ ಹೇಳು’ ಎಂಬ ನುಡಿಯಲ್ಲಿ ಬುದ್ಧಿಯನ್ನು ನಾವು ಎಣಿಸುವುದಿಲ್ಲ; ಎಣಿಸಬೇಕಾದರೆ ‘ನಾಲ್ಕು ಬುದ್ಧಿಮಾತು’ ಎನ್ನುತ್ತೇವೆ. ಎಣಿಕೆಯು ಮಾತಿಗೆ ಹತ್ತಿತು, ಬುದ್ಧಿಯು ಹಾಗೆಯೇ ಉಳಿಯಿತು. ‘ಎ ಪೀಸ್ ಆಫ್ ಅಡ್ವೈಸ್’ ಎಂಬುದರ ರಚನೆಯೂ ಇದೇ. ‘ಅಡ್ವೈಸ್’ ಎಂಬುದಕ್ಕೆ ‘ಸಲಹೆ’ಯೆಂದು ಅರ್ಥ ಹೇಳುವ ಬದಲು ‘ಬುದ್ಧಿ’ಯೆಂದು ಹೇಳಿದರೆ ಅರ್ಧ ವ್ಯಾಕರಣವನ್ನು ಆ ಅರ್ಥವೇ ಕಲಿಸುತ್ತದೆ.

7

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಅರ್ಥಾನುಸಾರಿಯಾದ ವಿಭಾಗವು ಶಬ್ದನಿಷ್ಪತ್ತಿಯನ್ನು ಕಲಿಸಲು ಉಪಯುಕ್ತವಲ್ಲವೇ ಎಂಬುದು ಮೊದಲನೆಯದು. ‘ಕೈಂಡ್’ ಎಂಬುದರಿಂದ ‘ಕೈಂಡ್‌ನೆಸ್’ ಆಗುವುದನ್ನು ಹೇಳುವಾಗ ಭಾವವಾಚಕವೆಂಬ ಹೆಸರು ನಿಶ್ಚಯವಾಗಿ ಬೇಕು. ಆದರೆ ಅದರ ಸ್ಥಳವು ಶಬ್ದನಿಷ್ಪತ್ತಿಯ ಪ್ರಕರಣ. ಕೇಶಿರಾಜನೂ ಅದನ್ನು ಅಂಥಲ್ಲಿಯೇ ಇಟ್ಟನು. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು, ಕನ್ನಡವನ್ನು ನಡುವೆ ತರಬಾರದೆಂಬುದು ಎರಡನೆಯದು. ಅಧ್ಯಾಪಕನು ತರದಿದ್ದರೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಕನ್ನಡವು ಇದ್ದೇ ಇದೆ, ‘ಅಡ್ವೈಸಸ್’ ಎಂಬ ರೂಪವೇ ಅದಕ್ಕೆ ಸಾಕ್ಷಿ. ಕಾಣದಂತೆ ಕೆಲಸ ಮಾಡುವುದನ್ನು ಕಾಣಿಸಿಕೊಟ್ಟರೆ ಅದು ಹತೋಟಿಗೆ ಬರುತ್ತದೆ.

ಕನ್ನಡವನ್ನು ಪರಭಾಷೆಯ ಚೌಕಟ್ಟಿನಲ್ಲಿ ವರ್ಣಿಸಬಾರದೆಂಬ ಎಚ್ಚರವು ನಮ್ಮ ಭಾಷಾವಿಜ್ಞಾನಿಗಳಲ್ಲಿ ಬಹಳ ಹಿಂದೆಯೇ ಮೂಡಿದೆ. 1817ರ ಕೇರಿಯ ವ್ಯಾಕರಣದಿಂದ ಮೊದಲಾಗಿ ಪಾಶ್ಚಾತ್ಯರು ತಮ್ಮ ಚೌಕಟ್ಟಿನಲ್ಲಿ ಕನ್ನಡವನ್ನು ನೋಡಿದರು. 1903ರ ಕಿಟೆಲ್ಲರ ವ್ಯಾಕರಣವು ಕೇಶಿರಾಜನನ್ನು ಆಧಾರವಾಗಿ ಹಿಡಿದು ಆ ದೋಷವನ್ನು ಬಹಳಷ್ಟು ಕಡಿಮೆ ಮಾಡಿತು. ಸಂಸ್ಕೃತದ ಚೌಕಟ್ಟನ್ನೂ ಪ್ರಶ್ನಿಸಿ ಡಿ. ಎನ್. ಶಂಕರಭಟ್ಟರು 2000ರಲ್ಲಿ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣವು ಬೇಕೆಂದು ವಾದಿಸಿದರು. ಇದರ ಇನ್ನೊಂದು ಮುಖವನ್ನು ನಾವು ಇನ್ನೂ ಸಾಕಷ್ಟು ಎಣಿಸಿಲ್ಲ. ಇಂಗ್ಲಿಷನ್ನು ಕಲಿಯುವ ಕನ್ನಡಿಗನಿಗೂ ಅವನ ನುಡಿಯಿಂದ ಹೊರಡುವ ಇಂಗ್ಲಿಷ್ ವ್ಯಾಕರಣವೊಂದು ಬೇಕು.

ಅಂಥ ವ್ಯಾಕರಣದಲ್ಲಿ ನಾಮಪ್ರಕರಣದ ಕ್ರಮವು ಹೀಗಿರಬಹುದು. ಮೊದಲು, ಅಕ್ಕಪಕ್ಕದ ಪದಗಳಿಂದಲೂ ಪ್ರತ್ಯಯಗಳಿಂದಲೂ ನಾಮವನ್ನು ಗುರುತಿಸುವುದು. ಎರಡನೆಯದಾಗಿ, ಅಂಕಿತ ಮತ್ತು ಸಾಮಾನ್ಯ ಎಂಬ ಭೇದವನ್ನು ದೊಡ್ಡಕ್ಷರ, ಉಪಪದಗಳ ಸಂಬಂಧದಿಂದ ಹೇಳುವುದು. ಮೂರನೆಯದಾಗಿ, ಹಲವು, ತುಸು ಎಂಬ ಕನ್ನಡದ ಪರೀಕ್ಷೆಯಿಂದ ಹೊರಟು ಗಣನೀಯ, ಅಗಣನೀಯಗಳನ್ನು ತಿಳಿಸುವುದು. ನಾಲ್ಕನೆಯದಾಗಿ, ಎರಡು ಭಾಷೆಗಳ ಎಣಿಕೆಯು ಅಗಲುವ ಶಬ್ದಗಳ ಪಟ್ಟಿಯೊಂದನ್ನು ಕೊಟ್ಟು ಅಭ್ಯಾಸ ಮಾಡಿಸುವುದು. ಈ ಪಟ್ಟಿಯು ದೊಡ್ಡದಲ್ಲ. ಶಾಲೆಯ ಬರೆಹಗಳಲ್ಲಿ ಪದೇ ಪದೇ ಬರುವಂಥವುಗಳನ್ನು ಒಂದು ಪುಟದಲ್ಲಿ ಬರೆದು ಗೋಡೆಗೆ ತೂಗುಹಾಕಬಹುದು. ಪರೀಕ್ಷೆಯ ಪ್ರಶ್ನೆಯೂ ಇದಕ್ಕನುಗುಣವಾಗಿ ಬದಲಾಗಬೇಕು: ಪದದ ಬಗೆಯನ್ನು ಹೆಸರಿಸಿರೆಂದು ಕೇಳುವಲ್ಲಿ ಅದನ್ನು ವಾಕ್ಯದಲ್ಲಿ ಎಣಿಸಿ ತೋರಿಸಿರೆಂದು ಕೇಳಬೇಕು.

ಇಂದು ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿದೆ. ಹತ್ತು ವರ್ಷಗಳ ಕಲಿಕೆಯ ಬಳಿಕವೂ ಹಳ್ಳಿಯ ವಿದ್ಯಾರ್ಥಿಯು ಕಾಲೇಜಿನ ಬಾಗಿಲಲ್ಲಿ ಬರೆವಣಿಗೆಗಾಗಿ ಅಂಜಿ ನಿಲ್ಲುವುದಾದರೆ, ಅವನು ಕಲಿತುದೆಷ್ಟೆಂದು ಕೇಳುವ ಮುನ್ನ ನಾವು ಕಲಿಸಿದುದೇನೆಂದು ನೋಡಿಕೊಳ್ಳಬೇಕು. ಇಲ್ಲಿ ಸೂಚಿಸಿದ ಪಟ್ಟಿಯನ್ನು ತಂತಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಆಧಾರದಿಂದ ಬೆಳೆಸಿ, ಅದರ ಗುಣದೋಷಗಳನ್ನು ಪರೀಕ್ಷಿಸುವ ಕಾರ್ಯವನ್ನು ಅಧ್ಯಾಪಕರು ಕೈಗೊಳ್ಳುವರೆಂದು ಆಶಿಸಲಾಗಿದೆ.